ಮಾವ ಬರೆದ ಶಿಫಾರಸು

ಆ ಮನೆಯಲ್ಲಿ ಇಂಗ್ಲಿಷ್ ಟೀಚರುಗಳು ಇಬ್ಬರು, ಊಟದ ಮೇಜು ಒಂದೇ. ಜಗಳಕ್ಕೆ ಅಷ್ಟು ಸಾಕಿತ್ತು. ಆದರೂ ಹದಿನಾಲ್ಕು ವರ್ಷ ಏನೂ ಆಗಿರಲಿಲ್ಲ. ಮಾವ ನಿವೃತ್ತ ಹೆಡ್‌ಮಾಸ್ಟರ್. ಬೀದಿಯವರ ಬಾಯಲ್ಲಿ ದೊಡ್ಡ ಮೇಷ್ಟ್ರು. ಅವರು ಬಿಟ್ಟುಬಂದ ಮಾಧ್ಯಮಿಕ ಶಾಲೆಯಲ್ಲೇ ಸೊಸೆ ಆರು, ಏಳು, ಎಂಟನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಅವಳು ಚಿಕ್ಕ ಮೇಡಂ.

ಆ ಸಂಜೆ ಚಿಕ್ಕ ಮೇಡಂ ಹೆಗಲ ಚೀಲವನ್ನೂ ಇಳಿಸದೆ ನೇರ ಅಡುಗೆಮನೆಗೆ ಬಂದಳು.

"ಅತ್ತೆ, ನನ್ನ ಹೆಸರು ಕಳಿಸಿದ್ದಾರೆ."

ಅತ್ತೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. "ಎಲ್ಲಿಗೆ? ಬೇರೆ ಶಾಲೆಗಾ?"

"ಅಯ್ಯೋ, ಅಲ್ಲ. ಪ್ರಶಸ್ತಿಗೆ. ಉತ್ತಮ ಇಂಗ್ಲಿಷ್ ಟೀಚರ್ ಅಂತ ವರ್ಷಕ್ಕೆ ಒಬ್ಬರಿಗೆ ಕೊಡ್ತಾರಲ್ಲ, ಅದು. ಹೆಡ್‌ಮೇಡಂ ತಾವಾಗೇ ಕಳಿಸಿದ್ದಾರೆ. ನಾನು ಬಾಯಿಬಿಟ್ಟು ಕೇಳಿರಲಿಲ್ಲ."

ಮುಂದಿನ ಕೋಣೆಯಲ್ಲಿ ನೆಲಕ್ಕೆ ಹಾಕಿದ ಹಲಗೆಯ ಮೇಲೆ ಮಲಗಿದ್ದ ಗಂಡ ಮೊಣಕೈ ಊರಿ ಏಳಲು ನೋಡಿದ. ಅವನು ಲಾರಿ ಓಡಿಸುತ್ತಿದ್ದವನು. ಒಂದು ವರ್ಷದ ಹಿಂದೆ ಲೋಡಿನ ಹಗ್ಗ ಬಿಗಿಯುವಾಗ ಬಿದ್ದು ಬೆನ್ನು ಕೆಟ್ಟಿತ್ತು. ಅವತ್ತಿನಿಂದ ಮನೆಯ ಒಲೆ ಉರಿಯುತ್ತಿದ್ದುದು ಹೆಂಡತಿಯ ಸಂಬಳದಲ್ಲಿ. ಅಪ್ಪನ ಪಿಂಚಣಿ ಅವನ ಔಷಧಿಗೇ ಸರಿಹೋಗುತ್ತಿತ್ತು.

"ಹಾಗಾದ್ರೆ ನಿನ್ನ ಕೆಲಸ ಉಳೀತು ಅನ್ನು!" ಎಂದು ಅಲ್ಲಿಂದಲೇ ಕೂಗಿದ.

ವಿಷಯ ಇದ್ದದ್ದೇ ಅದು. ವರ್ಷ ಮುಗಿದ ಮೇಲೆ ಎರಡು ಶಾಲೆಗಳನ್ನು ಸೇರಿಸಿ ಒಂದು ಮಾಡುತ್ತಾರೆಂದು ಆದೇಶ ಬಂದಿತ್ತು. ಇಂಗ್ಲಿಷ್ ಟೀಚರುಗಳು ಇಬ್ಬರು, ಜಾಗ ಒಂದು, ಆ ಇನ್ನೊಬ್ಬಾಕೆ ಸೇವೆಯಲ್ಲಿ ಹಿರಿಯಳು. ಆದರೆ ಪ್ರಶಸ್ತಿ ಪಡೆದವರನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂದು ನಿಯಮದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹೆಡ್‌ಮೇಡಂ ಅವಳ ಹೆಸರು ಕಳಿಸಿದ್ದು ಅದಕ್ಕೇ.

"ಏನೇನು ಕೊಡಬೇಕಂತೆ?" ಅತ್ತೆ ಕೇಳಿದರು.

"ನಾನು ಮಾಡಿದ ಕೆಲಸದ ಫೈಲು. ಕಮಿಟಿಯವರು ಬಂದು ಒಂದು ದಿನ ಕ್ಲಾಸು ನೋಡ್ತಾರೆ. ಆಮೇಲೆ ಹಿಂದಿನ ಹೆಡ್‌ಮಾಸ್ಟರ್ ಬರೆದ ಒಂದು ಶಿಫಾರಸು ಪತ್ರ. ಅದು ಗೋಪ್ಯ. ಲಕೋಟೆ ಅಂಟಿಸಿ, ಅಂಟಿಸಿದ ಜಾಗದ ಮೇಲೆ ಸಹಿ ಹಾಕಿ ಕೊಡಬೇಕು."

"ಹಿಂದಿನ ಹೆಡ್‌ಮಾಸ್ಟರ್ ಅಂದ್ರೆ ಇವರೇ ಅಲ್ವೇನೇ!" ಅತ್ತೆ ನಕ್ಕುಬಿಟ್ಟರು. "ಮನೇಲೇ ಇದ್ದಾರೆ, ಪೆನ್ನೂ ಜೇಬಲ್ಲೇ ಇದೆ. ಎರಡು ಹೊತ್ತು ಊಟ ಹಾಕಿ ಬರೆಸ್ಕೊಂಡ್ರಾಯ್ತು."

ದೊಡ್ಡ ಮೇಷ್ಟ್ರು ಮೇಜಿನ ತುದಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಪೇಪರ್ ಕೆಳಗಿಳಿಯಲಿಲ್ಲ. ಅವತ್ತು ಅವರು ಅರ್ಧ ತಟ್ಟೆಗೇ ಎದ್ದು ಹೋದರು.

ಅದೇ ಪ್ರಶಸ್ತಿಗೆ ದೊಡ್ಡ ಮೇಷ್ಟ್ರು ಏಳು ಸಲ ಅರ್ಜಿ ಹಾಕಿದ್ದರು. ಏಳು ಸಲವೂ ಬರಲಿಲ್ಲ. ಆ ಏಳು ಅರ್ಜಿಗಳ ನಕಲು ಅವರ ಮಂಚದ ಕೆಳಗಿನ ಕಬ್ಬಿಣದ ಪೆಟ್ಟಿಗೆಯಲ್ಲಿದ್ದವು. ಸೊಸೆ ಕೇಳದೆಯೇ ಅವಳ ಹೆಸರು ಹೋಗಿತ್ತು. ಇದು ಅವರಿಗೆ ನುಂಗಲಾರದ ತುತ್ತಾಯಿತು. ಮರುದಿನ ಬೆಳಗ್ಗೆ ಹಸಿವಿಲ್ಲ ಎಂದರು, ರಾತ್ರಿ ತಲೆನೋವು ಎಂದರು, ಅದರ ಮಾರನೇ ದಿನ ತಟ್ಟೆಯನ್ನು ತಮ್ಮ ಕೋಣೆಗೇ ತರಿಸಿಕೊಂಡು ಬಾಗಿಲು ಹಾಕಿಕೊಂಡರು.

"ಏನ್ರೀ, ಹೆರಿಗೆ ಆದವರ ಹಾಗೆ ಕೋಣೇಲೇ ಊಟ?" ಎಂದು ಅತ್ತೆ ಬಾಗಿಲ ಹೊರಗೆ ನಿಂತು ಕೆಣಕಿದರು. "ಪತ್ರ ಬರೆದ್ರಾ?"

"ಬರೆಯೋಣ ಬಿಡು."

"ಯಾವಾಗ?"

"ಬರೆಯೋಣ ಅಂದೆನಲ್ಲ!"

ಎರಡು ವಾರ ಹೀಗೇ ಕಳೆಯಿತು. ಚಿಕ್ಕ ಮೇಡಂ ಮಾವನನ್ನು ಒಂದು ಸಲವೂ ಕೇಳಲಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಅಡುಗೆ ಮಾಡಿ, ಗಂಡನ ಬೆನ್ನಿಗೆ ಎಣ್ಣೆ ತಿಕ್ಕಿ, ಶಾಲೆಗೆ ಹೋಗಿ ಬಂದು, ಸಂಜೆ ಫೈಲಿಗೆ ಕಾಗದ ಅಂಟಿಸುತ್ತಾ ಕೂರುತ್ತಿದ್ದಳು. ಮಾವನ ಕೋಣೆಯ ಬಾಗಿಲು ಕಿರುಗುಟ್ಟಿದರೆ ಅವಳ ಕೈ ನಿಲ್ಲುತ್ತಿತ್ತು. ಬಚ್ಚಲಿಗೆ ಹೋಗಿ ಅವರು ವಾಪಸ್ ಬಾಗಿಲು ಹಾಕಿಕೊಂಡ ಮೇಲೆ ಮತ್ತೆ ಅಂಟಿಸುತ್ತಿದ್ದಳು.

ಇದನ್ನೆಲ್ಲ ನೋಡುತ್ತಿದ್ದವಳು ಮಗಳು. ಹದಿಮೂರು ವರ್ಷ, ಏಳನೇ ತರಗತಿ, ಅಮ್ಮನ ಕ್ಲಾಸಿನಲ್ಲೇ ಇದ್ದಳು. ಬಾಯಿ ಸುಮ್ಮನಿರುವುದಿಲ್ಲವೆಂದು ಅವಳನ್ನು ಗಿಣಿ ಎಂದು ಕರೆಯುತ್ತಿದ್ದರು.

ಚಿಕ್ಕ ಮೇಡಂ ತರಗತಿಯಲ್ಲಿ ಒಂದು ಪದ್ಧತಿ ಇತ್ತು. ಮಕ್ಕಳು ಒಳಗೆ ಬರುವ ಮುಂಚೆ ಬಾಗಿಲಲ್ಲಿ ನಿಂತು ಅವತ್ತು ಬೆಳಗ್ಗೆ ತಮ್ಮ ಮನೆಯಲ್ಲಿ ಕಂಡದ್ದನ್ನು ಇಂಗ್ಲಿಷಿನಲ್ಲಿ ಒಂದು ಮಾತು ಹೇಳಬೇಕು. ತಪ್ಪಿದ್ದರೆ ಯಾರೂ ನಗುವಂತಿಲ್ಲ, ಮೇಡಂ ಕೂಡ ತಿದ್ದುವಂತಿಲ್ಲ. ಆದರೆ ಸುಳ್ಳು ಹೇಳಬಾರದು. ನಮ್ಮ ಬೆಕ್ಕಿಗೆ ಜ್ವರ ಎಂದು ಒಬ್ಬಳು, ನಮ್ಮಪ್ಪ ಹೊಸ ಹಲ್ಲು ಕಟ್ಟಿಸಿಕೊಂಡ ಎಂದು ಇನ್ನೊಬ್ಬ. ಬಾಯಿ ಬಿಡದ ಮಕ್ಕಳೂ ಆ ಬಾಗಿಲಲ್ಲಿ ಬಾಯಿ ಬಿಡುತ್ತಿದ್ದರು. ಫೈಲಿನ ಅರ್ಧ ಭಾಗ ಇದರದ್ದೇ ಇತ್ತು.

ಆ ಸೋಮವಾರ ಗಿಣಿಯ ಸರದಿ ಬಂತು. ಅವಳು ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ, ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹೇಳಿದಳು: ನಮ್ಮಜ್ಜ ಮೇಜಿಗೆ ಊಟಕ್ಕೆ ಬರುತ್ತಿಲ್ಲ, ಯಾಕೆಂದರೆ ಬಹುಮಾನ ಅವರಿಗೆ ಬರಲಿಲ್ಲ, ಅಮ್ಮನಿಗೆ ಬರಬಹುದು.

ನಲವತ್ತು ಮಕ್ಕಳು ಅದನ್ನು ನಲವತ್ತು ಮನೆಗೆ ಹೊತ್ತುಕೊಂಡು ಹೋದರು.

ದೊಡ್ಡ ಮೇಷ್ಟ್ರಿಗೆ ಅದು ಮುಟ್ಟಿದ್ದು ಬುಧವಾರ ಸಂಜೆ, ಉದ್ಯಾನದ ಬೆಂಚಿನಲ್ಲಿ. ಅಲ್ಲಿ ಪಿಂಚಣಿದಾರರ ಒಂದು ಗುಂಪು ಕೂರುತ್ತಿತ್ತು. ಅಂಚೆಕಚೇರಿಯಿಂದ ನಿವೃತ್ತನಾದವನು ಎಲ್ಲರೆದುರು ಕೇಳಿದ, "ಏನ್ ಮೇಷ್ಟ್ರೇ, ಸೊಸೆಗೆ ಬಹುಮಾನ ಬಂದ್ರೆ ನಿಮಗೆ ಊಟ ಸೇರಲ್ವಂತೆ?" ಬೆಂಚಿಗೆ ಬೆಂಚೇ ನಕ್ಕಿತು. ಮೇಷ್ಟ್ರು ಕೊಡೆ ತೆಗೆದುಕೊಳ್ಳುವುದನ್ನೂ ಮರೆತು ಮನೆಗೆ ಬಂದರು.

"ನನ್ನ ಹೊಟ್ಟೆ ವಿಚಾರ ನಿನ್ನ ಕ್ಲಾಸಲ್ಲಿ ಪಾಠನಾ?" ಎಂದು ಹೊಸ್ತಿಲಲ್ಲೇ ಗುಡುಗಿದರು.

ಚಿಕ್ಕ ಮೇಡಂ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಮಾವ, ಮಗು ಬಾಯಿಂದ ಬಂದ್ಬಿಡ್ತು. ನಾನು ತಡೆಯೋಷ್ಟರಲ್ಲಿ..."

"ಯಾಕೆ ತಡೀಲಿಲ್ಲ? ಮೂವತ್ತೊಂದು ವರ್ಷ ನಾನೂ ಕ್ಲಾಸ್ ತಗೊಂಡಿದ್ದೀನಿ. ನನ್ನ ಕ್ಲಾಸಲ್ಲಿ ಸೂಜಿ ಬಿದ್ರೆ ಕೇಳಿಸ್ತಿತ್ತು. ಅದು ಕ್ಲಾಸು! ನಿನ್ನದು ಸಂತೆ."

"ಸೂಜಿ ಕೇಳಿಸ್ತಿತ್ತು ಸರಿ, ಮಕ್ಕಳ ದನಿ ಕೇಳಿಸ್ತಿತ್ತಾ?" ಎಂದರು ಅತ್ತೆ.

"ನೀನು ಬಾಯಿ ಮುಚ್ಚು!"

"ಅಜ್ಜ, ನಾನು ಹೇಳಿದ್ದು ಸುಳ್ಳಾ?" ಎಂದು ಗಿಣಿ ಕೇಳಿದ್ದೇ ತಡ, ಅವಳ ಅಮ್ಮ ಬಂದು ಕೆನ್ನೆಗೆ ಬಾರಿಸಿದಳು. ಅವಳು ಮಗಳಿಗೆ ಹೊಡೆದದ್ದು ಅದೇ ಮೊದಲು. ಗಿಣಿ ಅಳಲಿಲ್ಲ, ಅಮ್ಮನನ್ನು ನೋಡುತ್ತಾ ನಿಂತಳು.

ನೆಲದ ಮೇಲಿನಿಂದ ಗಂಡ ಅಂಗಲಾಚಿದ. "ಅಪ್ಪ, ಕೈ ಮುಗೀತೀನಿ. ಬೈಯೋದಾದ್ರೆ ಎಷ್ಟು ಬೇಕಾದ್ರೂ ಬೈ. ಪತ್ರ ಒಂದು ಬರೆದುಕೊಡು. ಮೂರೇ ದಿನ ಉಳಿದಿರೋದು. ಇವಳ ಕೆಲಸ ಹೋದ್ರೆ ನಾವೆಲ್ಲ ಏನು ತಿನ್ನೋಣ?"

"ಬರೆದುಕೊಡ್ತೀನಿ. ಈಗಲೇ ಬರೆದುಕೊಡ್ತೀನಿ!"

ಕೋಣೆಗೆ ಹೋದವರು ಚಹಾ ಕುದಿಯುವಷ್ಟು ಹೊತ್ತಿನಲ್ಲಿ ಹೊರಗೆ ಬಂದರು. ಲಕೋಟೆ ಅಂಟಿಸಿ ಆಗಿತ್ತು, ಮೇಲೆ ಅಡ್ಡಡ್ಡ ಸಹಿಯೂ ಆಗಿತ್ತು. ಅದನ್ನು ಮೇಜಿನ ಮೇಲೆ ಎಸೆದರು.

"ಏನು ಬರೆದ್ರಿ?" ಅತ್ತೆಗೆ ಅನುಮಾನ.

"ಗೋಪ್ಯ ಅಂದ್ರೆ ಗೋಪ್ಯ."

ಮರುದಿನ ಆ ಲಕೋಟೆಯನ್ನು ಶಾಲೆಗೆ ಒಯ್ದವಳು ಚಿಕ್ಕ ಮೇಡಮ್ಮೇ. ಮುದುಡದಿರಲೆಂದು ಎರಡು ನೋಟ್‌ಬುಕ್ಕುಗಳ ನಡುವೆ ಇಟ್ಟುಕೊಂಡು, ಬಸ್ಸಿನಲ್ಲಿ ಚೀಲವನ್ನು ಎದೆಗೆ ಅವಚಿಕೊಂಡು ಹೋದಳು. ಸಂಜೆ ಮನೆಯಲ್ಲಿ ಉಳಿದಿದ್ದ ಎರಡು ಮೊಟ್ಟೆ ಬೇಯಿಸಿ ಎರಡನ್ನೂ ಮಾವನ ತಟ್ಟೆಗೆ ಹಾಕಿದಳು. ಅವರು ಅವತ್ತು ಮೇಜಿಗೆ ಬಂದಿದ್ದರು.

"ಇದ್ಯಾಕಮ್ಮ, ಎರಡೂ ನನಗೇ?"

"ಎಷ್ಟು ದಿನದಿಂದ ನೀವು ಸರಿಯಾಗಿ ಊಟ ಮಾಡಿಲ್ಲ ಮಾವ. ಕೋಪದಲ್ಲೂ ಬರೆದುಕೊಟ್ರಲ್ಲ, ನನಗೆ ಅಷ್ಟೇ ಸಾಕು."

ಮೇಷ್ಟ್ರು ಒಂದು ಮೊಟ್ಟೆಯನ್ನು ಗಿಣಿಯ ತಟ್ಟೆಗೆ ಹಾಕಿದರು. ಇನ್ನೊಂದನ್ನು ಬೆರಳಲ್ಲಿ ಉರುಳಿಸುತ್ತಾ ಕೂತು, ಕೊನೆಗೆ ಅದನ್ನೂ ಅವಳಿಗೇ ಕೊಟ್ಟರು.

ಮುಂದಿನ ವಾರದಿಂದ ಮನೆಯಲ್ಲಿ ವಿಚಿತ್ರ ನಡೆಯತೊಡಗಿತು. ಜೀವಮಾನದಲ್ಲಿ ನೀರಿನ ಲೋಟ ತೊಳೆಯದ ದೊಡ್ಡ ಮೇಷ್ಟ್ರು ಬೆಳಗ್ಗೆ ಎದ್ದು ಪಾತ್ರೆ ಉಜ್ಜಿದರು. ಸೊಸೆಯ ಸೀರೆಗಳನ್ನು ಒಣಹಾಕಿದರು. ಈರುಳ್ಳಿ ಹೆಚ್ಚಲು ಹೋಗಿ ಬೆರಳು ಕೊಯ್ದುಕೊಂಡರು.

"ಇವರಿಗೆ ಏನೋ ಆಗಿದೆ ಕಣೇ. ಡಾಕ್ಟರಿಗೆ ತೋರಿಸೋಣ್ವಾ?" ಎಂದು ಅತ್ತೆ ಸೊಸೆಯ ಕಿವಿಯಲ್ಲಿ ಕೇಳಿದರು.

"ಇರಲಿ ಅತ್ತೆ, ಮಾವ ಎಷ್ಟು ಒಳ್ಳೆಯವರಾಗಿದ್ದಾರೆ. ನೀವು ಕಣ್ಣು ಹಾಕ್ಬೇಡಿ."

ಆ ಮಾತು ಮೇಷ್ಟ್ರಿಗೆ ಕೇಳಿಸಿತು. ಅವರು ಕೊಯ್ದ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎರಡು ಬಸ್ಸು ಬದಲಾಯಿಸಿ ಪ್ರಶಸ್ತಿ ಕಮಿಟಿಯ ಕಚೇರಿಗೆ ಹೋದರು. ಜೇಬಿನಲ್ಲಿ ಇನ್ನೊಂದು ಲಕೋಟೆ ಇತ್ತು.

ಗುಮಾಸ್ತ ಊಟದ ಡಬ್ಬಿ ಮುಚ್ಚುತ್ತಿದ್ದ. "ಏನ್ ಸಾರ್?"

"ಒಂದು ಶಿಫಾರಸು ಪತ್ರ ಕೊಟ್ಟಿದ್ದೆ. ಅದನ್ನ ತೆಗೆದು ಇದನ್ನ ಇಡಬೇಕು."

"ಆಗಲ್ಲ ಸಾರ್. ಅಂಟಿಸಿ ಕೊಟ್ಟ ಮೇಲೆ ಅದು ಕಮಿಟಿದು."

"ಅದರಲ್ಲಿ ತಪ್ಪಾಗಿದೆ."

"ಏನು ತಪ್ಪು?"

ಮೇಷ್ಟ್ರು ಕುರ್ಚಿಯ ಬೆನ್ನು ಹಿಡಿದುಕೊಂಡರು. "ಎಲ್ಲಾ ತಪ್ಪೇ. ಕೋಪದಲ್ಲಿ ಬರೆದುಬಿಟ್ಟೆ. ಆ ಹುಡುಗಿಯ ಅನ್ನ ಹೋಗುತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ ಕಣಪ್ಪ."

"ಏ, ಏನ್ ಸಾರ್ ನೀವು, ದೊಡ್ಡವರು!" ಗುಮಾಸ್ತ ಎದ್ದು ನಿಂತ. "ನೀವು ಹೆಡ್‌ಮಾಸ್ಟರ್ ಆಗಿದ್ದೋರು, ನೀವೇ ಹೇಳಿ. ಪರೀಕ್ಷೆ ಪೇಪರ್ ಕಟ್ಟಿಕೊಟ್ಟು ಹೊರಗೆ ಹೋದೋರು ವಾಪಸ್ ಬಂದು ಇನ್ನೊಂದು ಸಲ ಬರೀತೀನಿ ಅಂದ್ರೆ ನೀವು ಕೊಡ್ತಿದ್ರಾ?"

ಅವರು ಯಾವತ್ತೂ ಕೊಟ್ಟವರಲ್ಲ. ಮನೆಗೆ ನಡೆದೇ ಬಂದರು, ಬರುವಷ್ಟರಲ್ಲಿ ಕತ್ತಲಾಗಿತ್ತು. ದಾರಿಯಲ್ಲಿ ಹೊಸ ಪತ್ರವನ್ನು ಹರಿದು ಚರಂಡಿಗೆ ಹಾಕಿದ್ದರು. ಸೊಸೆ ತಟ್ಟೆ ಹಾಕಿಕೊಂಡು ಕಾಯುತ್ತಿದ್ದಳು. ಅವಳಿಗೆ ಹೇಳಿಬಿಡಬೇಕೆಂದು ಬಾಯಿ ತೆರೆದವರು "ಉಪ್ಪು ಕೊಡಮ್ಮ" ಎಂದಷ್ಟೇ ಹೇಳಿದರು.

ಕಮಿಟಿಯವರು ಬಂದು ಹೋದರು. ಇಬ್ಬರು. ಹಿಂದಿನ ಬೆಂಚಿನಲ್ಲಿ ಹತ್ತು ನಿಮಿಷ ಕೂತು, ಅದರಲ್ಲಿ ಒಬ್ಬರು ಮೂರು ಸಲ ಆಕಳಿಸಿ, ಆಮೇಲೆ ಹೆಡ್‌ಮೇಡಂ ಕೋಣೆಯಲ್ಲಿ ಮುಕ್ಕಾಲು ಗಂಟೆ ಚಹಾ ಕುಡಿದರು. ಮಕ್ಕಳು ಮಾತ್ರ ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದ್ದರು. ಆ ಸಂತೋಷ ಚಿಕ್ಕ ಮೇಡಮ್ಮಿಗೆ ಎರಡು ದಿನ ಉಳಿಯಿತು.

ಮೂರು ವಾರದ ನಂತರ ಪಟ್ಟಿ ಬಂತು. ಅವಳ ಹೆಸರಿರಲಿಲ್ಲ. ಅದೇ ವಾರ ಇನ್ನೊಂದು ಕಾಗದವೂ ಬಂತು: ತಿಂಗಳ ಕೊನೆಗೆ ಸೇವೆಯಿಂದ ಬಿಡುಗಡೆ.

ಆ ರಾತ್ರಿ ಊಟಕ್ಕೆ ಕೂತವರಲ್ಲಿ ಯಾರ ಕೈಯೂ ಬಾಯಿಗೆ ಹೋಗಲಿಲ್ಲ. ಹಲಗೆಯ ಮೇಲಿಂದ ಮಗ ಕೇಳಿದ, "ಅಪ್ಪ, ಅದರಲ್ಲಿ ಏನು ಬರೆದಿದ್ದೆ?"

ಮೇಷ್ಟ್ರು ಅನ್ನ ಕಲೆಸುತ್ತಲೇ ಇದ್ದರು.

"ಕೇಳಿದ್ದು ನಿನ್ನನ್ನೇ. ಇವಳ ಕತ್ತು ಕೊಯ್ದೆ ತಾನೆ?"

"ರೀ!" ಚಿಕ್ಕ ಮೇಡಂ ಅವನತ್ತ ತಿರುಗಿದಳು. "ಮಾವನಿಗೆ ಹಾಗೆಲ್ಲ ಅನ್ಬೇಡಿ. ಎಂಟು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದ್ದೀನಿ. ಬೈದ್ರೆ ಮುಖಕ್ಕೆ ಬೈತಾರೆ. ಬೆನ್ನ ಹಿಂದೆ ಕೆಟ್ಟದ್ದು ಬರೆಯೋ ಜಾತಿ ಅಲ್ಲ ಅವರು."

ಅತ್ತೆ ತಮ್ಮ ಗಂಡನ ಮುಖ ನೋಡಿದರು. ಮೇಷ್ಟ್ರು ಎದ್ದು ಕೈ ತೊಳೆಯಲು ಹೋದರು. ನಲ್ಲಿಯ ನೀರು ಬಹಳ ಹೊತ್ತು ಹರಿಯಿತು.

ಆಮೇಲಿನ ದಿನಗಳು ತುಂಬಾ ಕೆಟ್ಟವು. ಚಿಕ್ಕ ಮೇಡಂ ಸಂಜೆ ಸಂಜೆ ಒಂದೊಂದು ಶಾಲೆಯ ಮೆಟ್ಟಿಲು ಹತ್ತಿಳಿದಳು. ಒಂದು ಕಡೆ ಜಾಗವಿಲ್ಲ, ಒಂದು ಕಡೆ ಮುಂದಿನ ವರ್ಷ ಬನ್ನಿ, ಟ್ಯೂಷನ್ ನಡೆಸುವವನೊಬ್ಬ ನಲವತ್ತು ದಾಟಿದವರು ಬೇಡ ಎಂದ. ಗಂಡ ಹೆಂಡತಿಗೆ ಹೇಳದೆ ಲಾರಿ ನಿಲ್ದಾಣಕ್ಕೆ ಹೋದ. ಕ್ಯಾಬಿನ್ನಿನ ಮೊದಲ ಮೆಟ್ಟಿಲಿಗೇ ಬೆನ್ನು ಹಿಡಿದುಕೊಂಡು ಬಿದ್ದ. ಇಬ್ಬರು ಹಮಾಲರು ಅವನನ್ನು ಮನೆಗೆ ಎತ್ತಿಕೊಂಡು ಬಂದು ಹಲಗೆಯ ಮೇಲೆ ಮಲಗಿಸಿದರು. ಅವನು ಗೋಡೆಗೆ ಮುಖ ಮಾಡಿ ಹೆಂಗಸರ ಎದುರಲ್ಲೇ ಬಿಕ್ಕಿ ಬಿಕ್ಕಿ ಅತ್ತ.

"ಸಾಯಲೂ ಆಗ್ತಿಲ್ಲ, ಬದುಕಲೂ ಆಗ್ತಿಲ್ಲ ಕಣೇ" ಎಂದ.

"ಸುಮ್ಮನಿರಿ, ಮಗು ಕೇಳುತ್ತೆ" ಎಂದಳು ಅವಳು. ಮಗು ಕೇಳಿಸಿಕೊಂಡಾಗಿತ್ತು.

ತಿಂಗಳ ಕೊನೆಯ ಶನಿವಾರ ಶಾಲೆಯ ಕೊನೆಯ ದಿನ. ಅವಳು ಮನೆಗೆ ಬಂದಾಗ ಕೈಯಲ್ಲಿ ಅವಳ ಫೈಲಿತ್ತು. ಕಮಿಟಿ ಅದನ್ನು ವಾಪಸ್ ಕಳಿಸಿತ್ತು. ಮೇಜಿನ ಮೇಲಿಟ್ಟು ದಾರ ಬಿಚ್ಚಿದಳು. ಒಳಗಿನ ಕಾಗದಗಳಲ್ಲಿ ಒಂದೂ ಮಡಿಕೆ ಬಿದ್ದಿರಲಿಲ್ಲ. ಎಲ್ಲಕ್ಕಿಂತ ಕೆಳಗೆ ಲಕೋಟೆ ಇತ್ತು. ಅಂಟು ಹಾಗೇ, ಸಹಿ ಹಾಗೇ.

"ಬಿಚ್ಚೇ ಇಲ್ಲ!" ಎಂದಳು ಗಿಣಿ. "ಅಮ್ಮ, ನೋಡು, ಅವರು ಇದನ್ನ ಬಿಚ್ಚೇ ಇಲ್ಲ!"

ಲಕೋಟೆ ಕೈಯಿಂದ ಕೈಗೆ ಹೋಯಿತು. ಅತ್ತೆ ಬೆಳಕಿಗೆ ಹಿಡಿದು ನೋಡಿದರು. ಗಂಡ ತಿರುಗಿಸಿ ನೋಡಿ, ನಗುವಂಥ ಒಂದು ಸದ್ದು ಮಾಡಿದ. "ಅಪ್ಪ, ಹಾಗಾದ್ರೆ ನಿನ್ನ ಏಳು ಅರ್ಜಿನೂ ಇದೇ ಗತಿ ಕಂಡಿರಬೇಕು."

ಮೇಷ್ಟ್ರು ಕುರ್ಚಿಗೆ ಕುಸಿದರು. "ಅದನ್ನ ಇಲ್ಲಿ ಕೊಡಿ" ಎಂದರು. "ಒಲೆಗೆ ಹಾಕೋಣ. ಇನ್ನೇನಾಗಬೇಕು ಅದರಿಂದ?"

"ಬೇಡ ಮಾವ." ಚಿಕ್ಕ ಮೇಡಂ ತರಕಾರಿ ಚಾಕುವಿನಿಂದ ಲಕೋಟೆಯ ಬಾಯಿ ಸೀಳಿದಳು. "ಇಷ್ಟು ವರ್ಷ ದುಡಿದದ್ದಕ್ಕೆ ಇವತ್ತು ಒಬ್ಬರೂ ಒಂದು ಒಳ್ಳೆ ಮಾತು ಆಡ್ಲಿಲ್ಲ. ಬೀಗದಕೈ ಇಸ್ಕೊಂಡ್ರು, ಕಳಿಸಿದ್ರು. ನಿಮ್ಮ ಬಾಯಿಂದಾದ್ರೂ ಒಂದು ಕೇಳ್ತೀನಿ. ಅತ್ತೆಗೆ ಇಂಗ್ಲಿಷ್ ಬರಲ್ಲ. ನೀವೇ ಓದಿ ಅರ್ಥ ಹೇಳಿ."

ಮಡಿಸಿದ ಕಾಗದವನ್ನು ಅವರ ಕೈಗೆ ಕೊಟ್ಟಳು. ಮೇಷ್ಟ್ರು ಬಿಡಿಸಿದರು, ಕನ್ನಡಕ ಹಾಕಿಕೊಂಡರು.

"ಇವಳು... ಇವಳು ಶಾಲೆಗೆ ಸೇರಿದ ಮೊದಲ ವರ್ಷ" ಎಂದು ಶುರುಮಾಡಿದರು, "ಬೇಕರಿಯವನ ಮಗಳು ಒಬ್ಬಳಿದ್ದಳು. ಅದರ ಹಿಂದಿನ ವರ್ಷವಿಡೀ ನನ್ನ ಕ್ಲಾಸಲ್ಲಿ ತುಟಿ ಬಿಚ್ಚಿರಲಿಲ್ಲ. ಮೂಗಿ ಅಂತಲೇ ನಾನು ಬರೆದಿಟ್ಟಿದ್ದೆ. ಇವಳ ಹತ್ತಿರ ಹೋದ ಮೂರನೇ ವಾರಕ್ಕೆ ಆ ಹುಡುಗಿ ಎದ್ದು ನಿಂತು ಮಾತಾಡಿದಳು. ನಾನು ಕಿಟಕಿ ಹೊರಗೆ ನಿಂತು ಕೇಳಿಸಿಕೊಂಡೆ. ಒಳಗೆ ಹೋಗಿ ಶಹಬಾಸ್ ಅನ್ನಬೇಕಿತ್ತು. ಅನ್ನಲಿಲ್ಲ."

ಅವರು ಹೇಳುತ್ತಾ ಹೋದರು. ಕಿವಿ ಕೇಳದ ಮಗುವನ್ನು ಇವಳು ಮೊದಲ ಬೆಂಚಿಗೆ ಕರೆತಂದು ತುಟಿ ನೋಡಿ ಕಲಿಯುವಂತೆ ಮಾಡಿದ್ದು, ಹೆರಿಗೆಯಾದ ನಲವತ್ತನೇ ದಿನಕ್ಕೆ ಪರೀಕ್ಷೆ ಹತ್ತಿರವಾಯಿತೆಂದು ಶಾಲೆಗೆ ಬಂದದ್ದು, ತಾವು ಫೇಲು ಮಾಡಿ ಕಳಿಸಿದ ಹನ್ನೊಂದು ಮಕ್ಕಳನ್ನು ಇವಳು ಒಂದೇ ವರ್ಷದಲ್ಲಿ ಪಾಸು ಮಾಡಿಸಿದ್ದು. ನನಗಿಂತ ಇವಳು ದೊಡ್ಡ ಟೀಚರು ಎಂದರು. ಕಣ್ಣು ಕಾಗದದ ಮೇಲೇ ಇತ್ತು. ಲೋಟದಲ್ಲಿ ಚಹಾ ಆರಿ ಕೆನೆ ಕಟ್ಟಿತು. ಅತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಅಜ್ಜನ ಭುಜಕ್ಕೆ ಆತು ನಿಂತಿದ್ದ ಗಿಣಿ ಕಾಗದವನ್ನು ನೋಡಿದಳು, ಅಜ್ಜನನ್ನು ನೋಡಿದಳು. ಆಮೇಲೆ ಅಮ್ಮನನ್ನು ನೋಡಿ ತಲೆ ತಗ್ಗಿಸಿದಳು. ಚಿಕ್ಕ ಮೇಡಂ ಲೋಟ ಎತ್ತುವ ನೆಪದಲ್ಲಿ ಎದ್ದು ಮಾವನ ಕುರ್ಚಿಯ ಹಿಂದೆ ಬಂದಳು.

ಕಾಗದದಲ್ಲಿ ಇದ್ದದ್ದು ನಾಲ್ಕು ಸಾಲು. ಸಮಯಕ್ಕೆ ಸರಿಯಾಗಿ ಬರುತ್ತಾಳೆ. ತರಗತಿಯಲ್ಲಿ ಶಿಸ್ತಿಲ್ಲ. ಪಾಠದ ಬದಲು ಮಕ್ಕಳ ಮನೆಯ ಹರಟೆ ನಡೆಯುತ್ತದೆ. ಈ ಪ್ರಶಸ್ತಿಗೆ ಅರ್ಹಳೆಂದು ನಾನು ಹೇಳಲಾರೆ. ಕೆಳಗೆ ಸಹಿ. ಉಳಿದದ್ದು ಬಿಳಿ ಹಾಳೆ, ಆ ಬಿಳಿ ಹಾಳೆಯನ್ನು ನೋಡಿಕೊಂಡೇ ಅವರು ಇನ್ನೂ ಓದುತ್ತಿದ್ದರು.

ಅವಳು ಅವರನ್ನು ನಿಲ್ಲಿಸಲಿಲ್ಲ. ಮಾತು ತಾನಾಗೇ ಮುಗಿಯಿತು.

"ಇಷ್ಟೆಲ್ಲ ಬರೆದಿದ್ರಾ?" ಅತ್ತೆ ಮೂಗು ಸೀಟಿದರು. "ಆ ಪಾಪಿಗಳು ಬಿಚ್ಚೂ ನೋಡ್ಲಿಲ್ಲವಲ್ಲ!"

"ಅಪ್ಪ, ತಪ್ಪಾಯ್ತು" ಎಂದ ಮಗ ನೆಲದಿಂದ. "ನಿನ್ನ ಮೇಲೆ ಅನುಮಾನಪಟ್ಟೆ. ನನ್ನ ನಾಲಿಗೆ ಸೀದುಹೋಗ."

ಮೇಷ್ಟ್ರು ಕಾಗದವನ್ನು ಮಡಿಸಲು ನೋಡಿದರು. ಅದು ಮಡಿಕೆಗೆ ಕೂರಲಿಲ್ಲ. ಬೆನ್ನ ಹಿಂದೆ ಯಾರೋ ನಿಂತಿರುವುದು ಆಗ ಗೊತ್ತಾಗಿ ತಿರುಗಿದರು. ಅವಳ ಮುಖ ಕಂಡಿತು.

"ಅವರು ಓದ್ಲಿಲ್ಲ ಕಣಮ್ಮ" ಎಂದರು, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. "ಪುಣ್ಯಕ್ಕೆ ಅದನ್ನ ಯಾರೂ ಓದ್ಲಿಲ್ಲ."

"ಅವರು ಓದ್ಲಿಲ್ಲ ಮಾವ" ಎಂದಳು ಚಿಕ್ಕ ಮೇಡಂ. "ನಾನು ಓದ್ದೆ."